ಬೂದಿ ಬೀಳದ ಮಗ್ಗುಲು: ಮಲೆನಾಡಿನ ಮಳೆಯಲ್ಲಿ ಒಂದು ಶಿಗರಾಕಿ ಚಹಾ ಬಟ್ಟಲು

ಮೊದಲು ಅಳತೆ. ಬಾಯಗಲ 12.4 ಸೆಂ.ಮೀ., ಎತ್ತರ 7.9 ಸೆಂ.ಮೀ., ಬುಡದ ಬಳೆ 5.6 ಸೆಂ.ಮೀ. ಚೆನ್ನಾಗಿ ಒಣಗಿದಾಗ ತೂಕ 386 ಗ್ರಾಂ. ಈ ಕೊನೆಯ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ. ಅಂಚಿನವರೆಗೆ ತುಂಬಿದರೆ 430 ಮಿ.ಲೀ. ಹಿಡಿಸುತ್ತದೆ, ಆದರೆ ಅದರಲ್ಲಿ ಕುಡಿಯುವ ಮಾಚಾ, ಅಂದರೆ ಬಿಸಿ ನೀರಲ್ಲಿ ಕಡೆದ ಹಸಿರು ಚಹಾ ಪುಡಿ, ಬರೀ 70 ಮಿ.ಲೀ. ಜಪಾನಿನ ಶಿಗಾ ಪ್ರಾಂತ್ಯದ ಶಿಗರಾಕಿಯಲ್ಲಿ ತಿಗರಿಯ ಮೇಲೆ ಎತ್ತಿ, ಸೌದೆ ಆವಿಗೆಯಲ್ಲಿ ಸುಟ್ಟ ಬಟ್ಟಲು. ಬೆಲೆ 24,000 ಯೆನ್, ಅಂಚೆ ಖರ್ಚು ಮತ್ತು ಸುಂಕ ಬೇರೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಹೊಸನಗರ ತಾಲ್ಲೂಕಿನ ಹೆಂಚಿನ ಮನೆಯ ಅಡುಗೆಮನೆಯಲ್ಲಿ, ಒಣಗಲು ಬಿಟ್ಟ ದಿನಗಳ ಹೊರತು, ದಿನ ಬಿಟ್ಟು ದಿನ ಬಳಸಿದ ಮೇಲಿನ ವರದಿ ಇದು. ಬೆಂಗಳೂರಿನ ಒಣ ಗಾಳಿಯಲ್ಲಿ ನೋಡಿದ್ದರೆ ಅರ್ಧ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಮಾರಿದ ಅಂಗಡಿ ಹಾಕಿದ್ದ ಆರು ಫೋಟೋಗಳಲ್ಲಿ ಐದು ಒಂದೇ ಮುಖದವು. ಬಾಯಂಚಿನಿಂದ ಇಳಿದು ಸೊಂಟದ ಹತ್ತಿರ ಹನಿಗಟ್ಟಿ ನಿಂತ, ಸೌದೆಯ ಬೂದಿ ಕರಗಿ ಆದ ಹಸಿರು ಗಾಜು. ಚೆಂದವೇನೋ ಹೌದು. ತಿರುಗಿಸಿದರೆ ಮಾತ್ರ ಇನ್ನರ್ಧ ಮೈ ಬೋಳು. ಅಲ್ಲಿ ಬೂದಿ ಬಿದ್ದಿಲ್ಲ, ಗಾಜಿಲ್ಲ. ಕೆಂಪಿಗೂ ಕಿತ್ತಳೆಗೂ ನಡುವಿನ ಬಣ್ಣದ ಬೆಂದ ಮಣ್ಣು, ಅದರಲ್ಲಿ ಸಾಬೂದಾನಿಯಂತೆ ಅಲ್ಲಲ್ಲಿ ಎದ್ದ, ಫೆಲ್ಡ್‌ಸ್ಪಾರ್ ಎಂಬ ಖನಿಜದ ಬಿಳಿ ಹರಳು. ಈ ಬಟ್ಟಲು ಅಸಲಿಯೋ ಅಲ್ಲವೋ ಎಂದು ಹೇಳುವುದು ಆ ಬೋಳು ಮಗ್ಗುಲು. ಕಲೆ ಹೀರುವುದು ಅದೇ, ಆಷಾಢದಲ್ಲಿ ಬೂಷ್ಟು ಹಿಡಿಯುವುದೂ ಅದೇ. ಕೊಳ್ಳುವವರು ಕೇಳಿ ತರಿಸಿಕೊಳ್ಳಬೇಕಾದ್ದು ಅದರ ಫೋಟೋವನ್ನು.

ಪಾತ್ರೆಯ ಮೈಮೇಲಿನ ಇಂಥ ಗಾಜಿನ ಹೊದಿಕೆಗೆ ಗ್ಲೇಜ್ ಎನ್ನುತ್ತಾರೆ. ಅದರ ಹೆಸರಿನಲ್ಲೇ ಒಂದು ಗೊಂದಲವಿದೆ. ಬರೀ ‘ಬೂದಿ ಗ್ಲೇಜ್’ ಎಂದು ಬರೆದಿದ್ದರೆ, ಬೂದಿಯನ್ನು ಸೋಸಿ, ಫೆಲ್ಡ್‌ಸ್ಪಾರ್ ಪುಡಿಯೊಂದಿಗೆ ನೀರಲ್ಲಿ ಕದಡಿ, ಪಾತ್ರೆಯನ್ನು ಅದ್ದಿಯೋ ಮೇಲೆ ಸುರಿದೋ ಸುಟ್ಟದ್ದು ಎಂದರ್ಥ. ಜಪಾನಿಯಲ್ಲಿ ಅದು ಕಾಯ್‌ಯೂ. ‘ಸಹಜ ಬೂದಿ ಗ್ಲೇಜ್’, ಅಂದರೆ ಶಿಜೆನ್‌ಯೂ, ಬೇರೆ. ಅಲ್ಲಿ ಕುಂಬಾರ ಏನನ್ನೂ ಬಳಿಯುವುದಿಲ್ಲ, ಬೋಳು ಬಟ್ಟಲನ್ನೇ ಆವಿಗೆಯಲ್ಲಿ ಇಡುತ್ತಾನೆ. ಮೊದಲನೆಯದು ಮೋಸವಲ್ಲ, ಒಳ್ಳೆಯ ಪದ್ಧತಿಯೇ. ಆದರೆ ಗ್ಯಾಸ್ ಆವಿಗೆಯಲ್ಲಿ ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ವಾರದ ಸೌದೆಯ ಬೆಲೆ ಕೊಡಬಾರದು.

ಆ ಸೌದೆ ಆವಿಗೆಗೆ ಅನಗಾಮ ಎನ್ನುತ್ತಾರೆ. ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ, ಒಂದೇ ಕೋಣೆಯ ಸುರಂಗ. ಕೆಳತುದಿಯಲ್ಲಿ ಒಲೆಬಾಯಿ, ಮೇಲ್ತುದಿಯಲ್ಲಿ ಹೊಗೆಕಂಡಿ. ಐದನೇ ಶತಮಾನದ ಹೊತ್ತಿಗೆ ಕೊರಿಯಾದಿಂದ ಬಂದ ವಿದ್ಯೆ. ಹೆಚ್ಚಾಗಿ ಕೆಂಪು ಪೈನ್ ಸೌದೆಯನ್ನು ಹಗಲು ರಾತ್ರಿ ಒಟ್ಟುತ್ತಾರೆ, ಮೂರು ನಾಲ್ಕು ದಿನದಿಂದ ವಾರದವರೆಗೆ. ಬೆಂಕಿಯ ಸೆಳೆತಕ್ಕೆ ಹಾರುವ ನುಣ್ಣನೆ ಬೂದಿ ಪಾತ್ರೆಗಳ ಎದುರು ಮುಖಕ್ಕೆ, ಭುಜಕ್ಕೆ, ತೆರೆದ ಬಾಯೊಳಕ್ಕೆ ಬೀಳುತ್ತದೆ. ಶಾಖ 1,200 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರುವಾಗ ಬೂದಿಯಲ್ಲಿನ ಸುಣ್ಣ ಮತ್ತು ಪೊಟ್ಯಾಶ್ ಅಂಶ ಮಣ್ಣಿನ ಸಿಲಿಕಾವನ್ನು ಕರಗಿಸಿ ಗಾಜಾಗುತ್ತದೆ. ಆವಿಗೆಯೊಳಗೆ ಗಾಳಿ ಕಮ್ಮಿಯಿದ್ದರೆ ಅದರಲ್ಲಿನ ಚೂರು ಕಬ್ಬಿಣದಿಂದ ಹಸಿರು, ಗಾಳಿ ಹೆಚ್ಚಾದರೆ ಜೇನಿನ ಹಳದಿ. ಹಸಿರು ಹನಿಗೆ ಅಲ್ಲಿಯವರು ಬೀದೊರೊ ಎನ್ನುತ್ತಾರೆ. ಗಾಜಿಗೆ ಪೋರ್ಚುಗೀಸರು ಹೇಳುವ ಮಾತೇ ಹಾಗೆ ತಿರುಗಿದೆ.

ಇಟ್ಟಿಗೆ ಗೂಡು ನೋಡಿದವರಿಗೆ ಇದು ಹೊಸದಲ್ಲ. ಬೆಂಕಿಬಾಯಿಯ ಪಕ್ಕದ ಇಟ್ಟಿಗೆಗಳು ಅತಿಯಾಗಿ ಬೆಂದು, ಮೈ ಕರಗಿ, ಕಪ್ಪು ಹಸಿರಿನ ಹೊಳಪು ಹಿಡಿದು ಹೊರಬರುತ್ತವೆ. ಮೇಸ್ತ್ರಿ ಅವನ್ನು ಅಡಿಪಾಯಕ್ಕೆ ಹಾಕಿ ಮುಚ್ಚಿಬಿಡುತ್ತಾನೆ. ಶಿಗರಾಕಿಯಲ್ಲಿ ಅದೇ ‘ತಪ್ಪನ್ನು’ ಜೋಪಾನವಾಗಿಡಲು ಮರದ ಪೆಟ್ಟಿಗೆ ಮಾಡಿಸುತ್ತಾರೆ. ಹಾಗಾದರೆ ನಮ್ಮ ಕುಂಬಾರರ ಮಡಕೆಗೆ ಯಾಕೆ ಹೀಗೆ ಗಾಜು ಹತ್ತುವುದಿಲ್ಲ? ತೆರೆದ ಆವಿಗೆಯ ಶಾಖ 700ರಿಂದ 900 ಡಿಗ್ರಿಯಷ್ಟು. ಬೂದಿ ಕರಗಲು ಅದು ಸಾಲದು. ಶಾಖ ಏರಿಸೋಣವೆಂದರೆ ಕಬ್ಬಿಣ ಹೆಚ್ಚಿರುವ ನಮ್ಮ ಕೆಂಪು ಮಣ್ಣು 1,250 ಡಿಗ್ರಿಯಲ್ಲಿ ಉಬ್ಬಿ ಕುಸಿಯುತ್ತದೆ. ಶಿಗರಾಕಿಯದು ಬೀವಾ ಸರೋವರದ ಹಳೆಯ ತಳದ ಮಣ್ಣು. ಕಬ್ಬಿಣ ಕಮ್ಮಿ, ಮರಳು ಹರಳು ಜಾಸ್ತಿ, ಅದಕ್ಕೇ ಆ ಶಾಖದಲ್ಲೂ ನೆಟ್ಟಗೆ ನಿಲ್ಲುತ್ತದೆ. ಬೀಜೆನ್, ತಾಂಬಾ, ತೊಕೊನಾಮೆ, ಎಚಿಜೆನ್, ಸೆತೊ ಜೊತೆ ಇದನ್ನೂ ಸೇರಿಸಿ ಜಪಾನಿನ ಆರು ಪುರಾತನ ಆವಿಗೆ ಊರುಗಳೆಂದು ಎಣಿಸುತ್ತಾರೆ. 2017ರಲ್ಲಿ ಆರಕ್ಕೂ ಒಟ್ಟಾಗಿ ‘ಜಪಾನ್ ಪರಂಪರೆ’ ಮನ್ನಣೆ ಸಿಕ್ಕಿತು.

ಈಗ ಪರೀಕ್ಷೆ. ಬೂದಿ ಗಾಳಿಯಲ್ಲಿ ಬಂದದ್ದಾದರೆ ಒಂದು ದಿಕ್ಕಿನಿಂದ ಬಂದಿರಬೇಕು. ಈ ಬಟ್ಟಲಿನಲ್ಲಿ ಎದುರು ಮುಖದ ಬಾಯಂಚಿನ ಹೊರಗೆ ಗಾಜು ದಪ್ಪ, ಇಕ್ಕೆಲಕ್ಕೆ ಸರಿದಂತೆ ತೆಳು, ಆಮೇಲೆ ಒರಟು ಮರಳಿನಂತೆ ಅರ್ಧ ಕರಗಿದ ಬೂದಿ, ಕೊನೆಗೆ ಬೋಳು. ಈ ನಾಲ್ಕು ಹಂತದ ಇಳಿತವನ್ನು ಬ್ರಷ್‌ನಲ್ಲಿ ತರುವುದು ಕಷ್ಟ. ಬಳಿದ ಗ್ಲೇಜ್ ಆದರೆ ಗಾಜಿಗೂ ಮಣ್ಣಿಗೂ ನಡುವೆ ಗೆರೆ ಎಳೆದಂತೆ ಅಂಚು ಕಾಣುತ್ತದೆ, ಸುತ್ತಲೂ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಬಟ್ಟಲಿನ ಒಳಗಿನ ಹಿಂಬದಿಯನ್ನೂ ನೋಡಬೇಕು. ಎದುರಿನಿಂದ ಹಾರಿದ ಬೂದಿ ತೆರೆದ ಬಾಯಿಯನ್ನು ಹಾದು ಒಳಗಿನ ಹಿಂಗೋಡೆಗೆ ಬಡಿಯುವುದರಿಂದ, ಹೊರಗೆ ಬೋಳಾದ ಮಗ್ಗುಲಿನ ಒಳಬದಿಯಲ್ಲಿ ಗಾಜಿರುತ್ತದೆ. ಇಲ್ಲಿ ಇದೆ. ತಳದಲ್ಲಿ ಅದು ಇಳಿದು ಕಾಸಿನಗಲದ ಹಸಿರು ಮಡುವಾಗಿದೆ, ಮಡುವಿನಲ್ಲಿ ಕೂದಲೆಳೆ ಬಿರುಕುಗಳ ಬಲೆ. ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುವುದರಿಂದ ಬರುವ ಬಿರುಕು ಅದು, ಒಡಕಲ್ಲ.

ತಟ್ಟಿ ನೋಡುವುದು ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವಾಗಿನ ಪದ್ಧತಿಯೇ. ಬುಡದ ಬಳೆಯನ್ನು ಮೂರು ಬೆರಳ ತುದಿಯಲ್ಲಿ ಹಿಡಿದು, ಬೆರಳ ಗೆಣ್ಣಿನಿಂದ ಸೊಂಟಕ್ಕೆ ಮೆಲ್ಲಗೆ ತಟ್ಟಿದರೆ ತುಸು ಗಡುಸಾದ ನಾದ ಬರಬೇಕು. ‘ಜರ್’ ಎಂದರೆ ಒಳಬಿರುಕು, ‘ಪೊದ್’ ಎಂದರೆ ಹದವಾಗಿ ಬೆಂದಿಲ್ಲ. ಒದ್ದೆಯಿದ್ದಾಗ ತಟ್ಟಬೇಡಿ, ಒಳ್ಳೆಯ ಬಟ್ಟಲೂ ಪೊದ್ ಎನ್ನುತ್ತದೆ.

ಒಳಮೈಯ ನಯಕ್ಕೆ ಹತ್ತಿಯ ಪರೀಕ್ಷೆಗಿಂತ ಒಳ್ಳೆಯದಿಲ್ಲ. ಒಂದು ಉಂಡೆ ಹತ್ತಿಯನ್ನು ಒಳಗೋಡೆಯ ಸುತ್ತ, ತಳದ ಮಡುವಿನ ಮೇಲೆ ಒತ್ತದೆ ಆಡಿಸಿ. ಎಳೆ ಸಿಕ್ಕಿಕೊಂಡ ಕಡೆ ಕರಗದ ಬೂದಿಯ ಕಣವೋ ಆವಿಗೆಯ ಚಾವಣಿಯಿಂದ ಉದುರಿದ ಚೂರೋ ಇದೆ. ಹತ್ತಿ ಹಿಡಿಯುವ ಜಾಗ ಚಾಸೆನ್‌ನ ಎಳೆಯನ್ನೂ ಹಿಡಿಯುತ್ತದೆ. ಚಾಸೆನ್ ಎಂದರೆ ಒಂದೇ ಬಿದಿರ ಗಂಟನ್ನು ಸೀಳಿ ಮಾಡಿದ, 80 ಅಥವಾ 100 ಎಳೆಗಳ ಪುಟ್ಟ ಕಡೆಗೋಲು. ಎಳೆ ಮುರಿದರೆ ಚಹಾದಲ್ಲಿ ಬಿದಿರ ಸಿಬಿರು. ಈ ಬಟ್ಟಲಿನಲ್ಲಿ ಎರಡು ಕಡೆ ಹತ್ತಿ ಹಿಡಿಯಿತು. ಒಂದು ಬಾಯಂಚಿನ ಹತ್ತಿರ, ಅದು ತೊಂದರೆಯಲ್ಲ. ಇನ್ನೊಂದು ತಳದಿಂದ ಎರಡು ಸೆಂ.ಮೀ. ಮೇಲೆ, ಸರಿಯಾಗಿ ಕಡೆಗೋಲು ಉಜ್ಜುವ ಪಟ್ಟಿಯಲ್ಲಿ. 800 ನಂಬರಿನ ವಾಟರ್ ಪೇಪರ್ ತುಂಡನ್ನು ನೀರಲ್ಲಿ ನೆನೆಸಿ, ಆ ಕಣವನ್ನಷ್ಟೇ ಇಪ್ಪತ್ತು ಮೂವತ್ತು ಸಲ ಉಜ್ಜಿದ ಮೇಲೆ ಸರಿಹೋಯಿತು. ಅಲ್ಲಿ ಎಳ್ಳುಕಾಳಿನಷ್ಟು ಹೊಳಪು ಹೋಗಿದೆ. ಈ ಬೆಲೆಗೆ ಇದನ್ನು ಕುಂಬಾರನೇ ನೋಡಿಕೊಳ್ಳಬೇಕಿತ್ತು.

ಬುಡವೂ ಹಾಗೆಯೇ ಒರಟು. ಹರಳುಗಳು ಎದ್ದಿರುವುದರಿಂದ ಪಾಲಿಶ್ ಮಾಡಿದ ಬೀಟೆ ಮೇಜಿನ ಮೇಲೆ ಎಳೆದರೆ ಗೀರು ಖಂಡಿತ. ಮೊದಲು 400, ಆಮೇಲೆ 800 ನಂಬರಿನ ಕಾಗದದ ಮೇಲೆ ನೀರು ಹಾಕಿ ಬಳೆಯನ್ನು ಐದು ನಿಮಿಷ ತಿರುಗಿಸಿದರೆ ಸಾಕು. ಒಣ ಕಾಗದದಲ್ಲಿ ಉಜ್ಜಬೇಡಿ, ಏಳುವ ಧೂಳು ಸಿಲಿಕಾ, ಶ್ವಾಸಕೋಶಕ್ಕೆ ಕೆಡುಕು. ಬುಡದ ಸುತ್ತ ಮೂರು ಕಡೆ ನಸುಬಿಳಿ ಗುರುತು ಕಂಡರೆ ಗಾಬರಿ ಬೇಡ. ಕರಗಿದ ಗಾಜು ಹಲಗೆಗೆ ಅಂಟದಂತೆ ಮಣ್ಣಿನ ಉಂಡೆಗಳನ್ನೋ ಮಣ್ಣು ತುಂಬಿದ ಚಿಪ್ಪುಗಳನ್ನೋ ಅಡಿಗಿಟ್ಟು ಸುಡುತ್ತಾರೆ, ಅವುಗಳ ಗುರುತದು.

ತಂದ ದಿನವೇ ಚಹಾ ಹಾಕಬಾರದು. ಮೊದಲು ಸೋರಿಕೆ ನೋಡಿ: ನೀರು ತುಂಬಿ, ಮಡಚಿದ ವೃತ್ತಪತ್ರಿಕೆಯ ಮೇಲೆ ರಾತ್ರಿಯಿಡೀ ಇಡಿ. ಬೆಳಗ್ಗೆ ಕಾಗದದ ಮೇಲೆ ಬಳೆಯಾಕಾರದ ತೇವ ಮೂಡಿತ್ತು. ಒರೆಸಿ ತೂಗಿದರೆ 397 ಗ್ರಾಂ. ಅಂದರೆ 11 ಗ್ರಾಂ ನೀರು ಮಣ್ಣೊಳಗೆ ಹೋಗಿದೆ, ತೂಕದ ನೂರಕ್ಕೆ ಮೂರರಷ್ಟು. ಈ ಬಗೆಯ ಮಣ್ಣಿಗೆ ಇದು ದೋಷವಲ್ಲ. ಮದ್ದು ನಮ್ಮ ಕೊಟ್ಟಿಗೆಯ ಬಾನಿಯಲ್ಲೇ ಇದೆ, ಅಕ್ಕಚ್ಚು. ದೊಡ್ಡ ಪಾತ್ರೆಯ ತಳಕ್ಕೆ ಹಳೆಯ ಪಂಚೆ ತುಂಡು ಹಾಸಿ, ಬಟ್ಟಲನ್ನಿಟ್ಟು, ಮೊದಲ ಸಲ ತೊಳೆದ ಗಟ್ಟಿ ಅಕ್ಕಚ್ಚನ್ನು ಬಟ್ಟಲು ಮುಳುಗುವಷ್ಟು ಹೊಯ್ಯಿರಿ. ತಣ್ಣಗಿರುವಾಗಲೇ ಒಲೆಗಿಟ್ಟು, ಸಣ್ಣ ಉರಿಯಲ್ಲಿ ಕುದಿ ಬರುವ ಅಂಚಿಗೆ ತಂದು, ಇಪ್ಪತ್ತೈದು ನಿಮಿಷ ಹಾಗೇ ಬಿಡಿ. ಒಲೆ ಆರಿಸಿ, ಅದೇ ನೀರಲ್ಲಿ ಪೂರ್ತಿ ತಣಿಯಲಿ. ಗಂಜಿಯ ಅಂಶ ಮಣ್ಣಿನ ಸೂಕ್ಷ್ಮ ರಂಧ್ರಗಳಿಗೆ ಹೊಕ್ಕು ಊದಿಕೊಂಡು ಕೂರುತ್ತದೆ. ಆಮೇಲೆ ಬರೀ ನೀರಲ್ಲಿ ತೊಳೆದು, ಬಿಸಿಲಲ್ಲಿ ಎರಡು ದಿನ. ಮತ್ತೆ ವೃತ್ತಪತ್ರಿಕೆಯ ಪರೀಕ್ಷೆ ಮಾಡಿದಾಗ ಕಾಗದ ಒಣಗಿಯೇ ಇತ್ತು. ಇದನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮಾಡಿದರೆ ರಂಧ್ರದಲ್ಲಿ ಕೂತ ಗಂಜಿಯೇ ಹುಳಿತು ನಾರುತ್ತದೆ.

ಚಹಾ ಮಾಡುವ ಕ್ರಮದಲ್ಲಿ ಹೆಚ್ಚಿನವರು ಎಡವುವುದು ಬಟ್ಟಲನ್ನು ಬಿಸಿ ಮಾಡದೆ ಬಿಡುವುದರಲ್ಲಿ. 70 ಗ್ರಾಂ ನೀರನ್ನು ಅದಕ್ಕೆ ಐದು ಪಟ್ಟಿಗೂ ಹೆಚ್ಚು ತೂಕದ ತಣ್ಣನೆ ಮಣ್ಣಿಗೆ ಹೊಯ್ದರೆ ಏನಾದೀತು? 80 ಡಿಗ್ರಿಯ ನೀರು ಒಂದು ನಿಮಿಷದಲ್ಲಿ 55ರ ಹತ್ತಿರ ಬಂತು. ನೊರೆ ಬರುವುದಿಲ್ಲ, ಹಸಿ ಸೊಪ್ಪಿನ ವಾಸನೆ. ಆದ್ದರಿಂದ ಮೊದಲು ಬಟ್ಟಲನ್ನು ಸಾದಾ ನೀರಲ್ಲಿ ಐದು ನಿಮಿಷ ಮುಳುಗಿಸಿಡಿ. ಬೋಳು ಮೈ ಒಳ್ಳೆ ನೀರನ್ನೇ ಹೊಟ್ಟೆತುಂಬ ಕುಡಿದಿದ್ದರೆ ಚಹಾವನ್ನು ಹೀರುವುದಿಲ್ಲ, ಕಲೆಯೂ ಕಮ್ಮಿ. ಆಮೇಲೆ ಕೈ ತಾಳುವಷ್ಟು ಬಿಸಿಯ ನೀರು ಹೊಯ್ದು ಚೆಲ್ಲಿ, ಎರಡನೇ ಸಲ ಬಿಸಿ ನೀರು ಹೊಯ್ದು ಅದರಲ್ಲೇ ಚಾಸೆನ್ ಅನ್ನು ಒಂದು ನಿಮಿಷ ನೆನೆಸಿ, ಚೆಲ್ಲಿ, ಒರೆಸಿ. ಹೀಗೆ ಮಾಡಿದರೆ ನಿಮಿಷದ ನಂತರವೂ 65ರ ಮೇಲಿರುತ್ತದೆ. ತಣ್ಣನೆ ಬಟ್ಟಲಿಗೆ ಕುದಿವ ನೀರನ್ನು ನೇರ ಸುರಿಯುವುದು ಒಡೆಯುವ ದಾರಿ. ಆಗುಂಬೆ ಕಡೆಯ ಮಳೆಗಾಲದ ಬೆಳಗಿನಲ್ಲಂತೂ ಆ ಕೆಲಸ ಬೇಡವೇ ಬೇಡ.

ಮಾಚಾ 2 ಗ್ರಾಂ, ಮಟ್ಟಸ ಒಂದು ಟೀ ಚಮಚ. ನುಣ್ಣನೆ ಜರಡಿಯಲ್ಲಿ ಬಟ್ಟಲಿಗೇ ಜರಡಿ ಹಿಡಿಯಿರಿ. ಮಲೆನಾಡಿನ ತೇವಕ್ಕೆ ಡಬ್ಬಿ ತೆರೆದ ವಾರದಲ್ಲೇ ಪುಡಿ ಗಂಟಾಗುತ್ತದೆ. ಫ್ರಿಜ್‌ನಲ್ಲಿ ಇಡುವುದಾದರೆ ಹೊರತೆಗೆದು ಅರ್ಧ ಗಂಟೆ ಬಿಟ್ಟು ಮುಚ್ಚಳ ತೆರೆಯಿರಿ. ತಣ್ಣನೆ ಪುಡಿಯ ಮೇಲೆ ಗಾಳಿಯ ತೇವ ಕೂತರೆ ಬಣ್ಣ ಎರಡೇ ದಿನದಲ್ಲಿ ಕಂದು. 75ರಿಂದ 80 ಡಿಗ್ರಿಯ ನೀರು 70 ಮಿ.ಲೀ., ಮಣಿಕಟ್ಟಿನಿಂದ ಹಿಂದೆ ಮುಂದೆ ಹದಿನೈದು ಇಪ್ಪತ್ತು ಸೆಕೆಂಡ್ ಕಡೆದರೆ ಮುಗಿಯಿತು. ಮಜ್ಜಿಗೆ ಕಡೆದಂತೆ ಗುಂಡಗೆ ತಿರುಗಿಸಿದರೆ ನೊರೆ ಏಳುವುದಿಲ್ಲ. ಒಳಗೋಡೆಯ ಇಳಿಜಾರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಕಡೆಗೋಲು ಎಲ್ಲೂ ಮೂಲೆಗೆ ಸಿಕ್ಕುವುದಿಲ್ಲ. ಕುಂಬಾರನ ಕೈ ಗೊತ್ತಾಗುವುದು ಇಲ್ಲಿ.

ನೀರಿನ ಬಗ್ಗೆ ಒಂದು ಮಾತು. ‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ಊರಿನವರಿಗೆ ಮೆದು ನೀರಿನ ಭಾಗ್ಯವಿದೆ, ಮಾಚಾಕ್ಕೆ ಅದೇ ಬೇಕು. ಆದರೆ ಜಂಬಿಟ್ಟಿಗೆ ನೆಲದ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಕಬ್ಬಿಣಕ್ಕೆ ಚಹಾದ ಒಗರು ಸೇರಿದರೆ ಕಪ್ಪಾಗುತ್ತದೆ. ಆ ಕಪ್ಪು ತಳದ ಕೂದಲೆಳೆ ಬಿರುಕಿನಲ್ಲಿ ಕೂತರೆ ಹೋಗುವುದಿಲ್ಲ. ಕೊಡಪಾನದಲ್ಲಿ ರಾತ್ರಿ ಕಳೆದ ನೀರಿನ ತಳದಲ್ಲಿ ಕೆಂಪು ಗಸಿ ಕಂಡರೆ ಆ ನೀರು ಈ ಬಟ್ಟಲಿಗೆ ಬೇಡ.

ಕುಡಿಯುವಾಗಿನ ಸುಖಕ್ಕೆ ಬಂದರೆ, ಬೋಳು ಮಗ್ಗುಲು ಅಂಗೈಗೆ ಕೂತಾಗ ಬಿಸಿ ನಿಧಾನಕ್ಕೆ ಹತ್ತುತ್ತದೆ, ಸುಡುವುದಿಲ್ಲ. ಸ್ಟೀಲ್ ಲೋಟದವರಿಗೆ ಇದು ಬೇರೆಯದೇ ಲೋಕ. ಚಹಾಕೂಟದ ರೂಢಿಯಲ್ಲಿ ಬಟ್ಟಲಿನ ಮುಖಕ್ಕೆ ಬಾಯಿ ಹಚ್ಚಬಾರದೆಂದು ಪ್ರದಕ್ಷಿಣೆಯಾಗಿ ಕಾಲು ಸುತ್ತಿನಷ್ಟು ತಿರುಗಿಸಿ ಕುಡಿಯುತ್ತಾರೆ. ಆಗ ತುಟಿಗೆ ಬರುವುದು ಮುಖದ ಬಲಗಡೆಯ ಅಂಚು, ಅಂದರೆ ಗಾಜು ಮುಗಿದು ಮಣ್ಣು ಶುರುವಾಗುವ, ಅರ್ಧ ಕರಗಿದ ಬೂದಿಯ ಜಾಗ. ಈ ಬಟ್ಟಲಿನಲ್ಲಿ ಅದು ನಯವಾಗಿದೆ. ಕೊಳ್ಳುವಾಗ ಅಂಗಡಿಯವರನ್ನು ಕೇಳಬೇಕಾದ ಎರಡನೆಯ ಪ್ರಶ್ನೆ ಅದೇ.

ಇದರಲ್ಲಿ ಬೇರೆ ಏನೇನು ಕುಡಿಯಬಹುದು ಎಂಬ ಪ್ರಶ್ನೆ ಮಲೆನಾಡಿನಲ್ಲಿ ಬಂದೇ ಬರುತ್ತದೆ. ಬಿಸಿ ನೀರು, ಹಾಲಿಲ್ಲದ ಚಹಾ ಸರಿ. ಜೀರಿಗೆ ಕೊತ್ತಂಬರಿ ಕಷಾಯ ಬೇಡ, ಮಸಾಲೆಯ ಎಣ್ಣೆ ಮಣ್ಣಿಗೆ ಇಳಿದರೆ ಆರು ತಿಂಗಳು ಮಾಚಾ ಕೂಡ ಕಷಾಯವೇ. ಹಾಲು ಬೇಡ, ಬಿರುಕಿನಲ್ಲಿ ಕೂತು ಹುಳಿಯುತ್ತದೆ. ಮುರುಗಲ ಶರಬತ್ತು, ಅಪ್ಪೆಹುಳಿ ಹಾಕಿಟ್ಟರೆ ಸುಣ್ಣದಂಶ ಹೆಚ್ಚಿರುವ ಈ ಗಾಜು ಹುಳಿಗೆ ಮಂಕಾಗಬಹುದು. ಸೀಸದ ಭಯ ಮಾತ್ರ ಇಲ್ಲ, ಬೂದಿ ಮತ್ತು ಮಣ್ಣು ಬಿಟ್ಟು ಇದಕ್ಕೆ ಬೇರೇನೂ ಸೇರಿಲ್ಲ.

ಮಳೆಗಾಲವೇ ನಿಜವಾದ ಪರೀಕ್ಷೆ. ಬೇಸಿಗೆಯಲ್ಲಿ ತೊಳೆದಿಟ್ಟ ಬಟ್ಟಲು ಎರಡು ದಿನದಲ್ಲಿ 386ಕ್ಕೆ ಮರಳುತ್ತಿತ್ತು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಎಂಟು ದಿನವಾದರೂ 390ರಿಂದ ಕೆಳಗಿಳಿಯಲಿಲ್ಲ. ಕೈಗೆ ಒಣಗಿದಂತೆಯೇ ಇರುತ್ತದೆ, ತಕ್ಕಡಿಗೆ ಮಾತ್ರ ನಿಜ ಗೊತ್ತು. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಬಟ್ಟಲಿನ ಜೊತೆಗಿರಲೇಬೇಕಾದ ಸಾಮಾನು. ತೇವ ಉಳಿದ ಬಟ್ಟಲನ್ನು ಮರದ ಪೆಟ್ಟಿಗೆಯಲ್ಲಿಟ್ಟರೆ ಹತ್ತೇ ದಿನದಲ್ಲಿ ಬುಡದ ಬಳೆಯೊಳಗೆ ಬೂದುಬಣ್ಣದ ಬೂಷ್ಟು. ಮಗುಚಿಟ್ಟರೆ ಇನ್ನೂ ಕೆಡುಕು, ಒಳಗಿನ ತೇವಕ್ಕೆ ಹೋಗಲು ದಾರಿಯಿಲ್ಲ. ಬಿದಿರ ತಟ್ಟೆಯ ಮೇಲೆ ಓರೆಯಾಗಿ, ಬುಡಕ್ಕೆ ಗಾಳಿ ತಾಗುವಂತೆ ಇಡಬೇಕು. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಟ್ಟರೆ ಬೋಳು ಮೈ ಹೊಗೆಯ ವಾಸನೆ ಕುಡಿಯುತ್ತದೆ. ಫ್ರಿಜ್‌ನ ಹಿಂಬದಿಯ ಬೆಚ್ಚನೆ ಗಾಳಿಯಲ್ಲಿ ಮೂರು ದಿನಕ್ಕೆ 387 ಬಂತು, ನೋಡಲು ಚೆಂದವಿಲ್ಲದಿದ್ದರೂ ಅದೇ ಒಳ್ಳೆಯ ಜಾಗ.

ಬೂಷ್ಟು ಬಂದೇಬಿಟ್ಟರೆ ಸೋಪು, ಬ್ಲೀಚ್ ಎರಡೂ ಕೂಡದು, ಮಣ್ಣೊಳಗೆ ಹೊಕ್ಕದ್ದು ಹೊರಬರುವುದಿಲ್ಲ. ಅಕ್ಕಚ್ಚಿಗೆ ಹೇಳಿದ ಕ್ರಮದಲ್ಲೇ ಬರೀ ನೀರಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಅದರಲ್ಲೇ ತಣಿಸಿ, ಮಳೆ ಹೊಳವಾದ ದಿನ ಬಿಸಿಲಿಗಿಡಿ. ಮೈಕ್ರೋವೇವ್‌ಗೆ ಹಾಕಿ ಒಣಗಿಸುವ ಉಪಾಯ ಬೇಡ, ರಂಧ್ರದ ನೀರು ಆವಿಯಾಗಿ ಸೀಳಬಹುದು. ಅಂಚು ಮುಕ್ಕಾದರೆ ಅರಾಲ್ಡೈಟ್ ಹಚ್ಚಬೇಡಿ, ತುಟಿ ತಾಗುವ ಜಾಗಕ್ಕೆ ಅದು ಆಗುವುದಿಲ್ಲ. ಮರದ ಅರಗಿನಿಂದ ಜೋಡಿಸಿ ಚಿನ್ನದ ಪುಡಿ ಹಚ್ಚುವ ಕಿನ್‌ತ್ಸುಗಿ ಇದೆ, ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ಹಣದ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಕೊಡಬಹುದು. ಒಂದು ಅಂಕ ಕಳೆದದ್ದು ಆ ಒಳಗಿನ ಕಣಕ್ಕೆ ಮತ್ತು ಬೋಳು ಬದಿ ಮುಚ್ಚಿಟ್ಟ ಫೋಟೋಗಳಿಗೆ. ದಿನಾ ಮೂರು ಸಲ ಕುಡಿದು ಸಿಂಕಿಗೆ ಹಾಕುವ ಮನೆಗಾದರೆ ಪೂರ್ತಿ ಗ್ಲೇಜ್ ಇರುವ ಪಿಂಗಾಣಿ ಬಟ್ಟಲೇ ಸಾಕು, ಕಾಲು ಬೆಲೆಗೆ ಸಿಗುತ್ತದೆ.

ಪೆಟ್ಟಿಗೆಯ ವಿಷಯ ಉಳಿಯಿತು. ಕಿರಿ ಎಂಬ ಹಗುರ ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಕುಂಬಾರನ ಬರಹ ಮತ್ತು ಮುದ್ರೆ, ಕಟ್ಟಲು ಅಗಲದ ನೂಲಿನ ಪಟ್ಟಿ, ಒಳಗೆ ಹಳದಿ ಬಟ್ಟೆ. ಆ ಬಟ್ಟೆಗೆ ಉಕೊನ್ ಎನ್ನುತ್ತಾರೆ, ಅಂದರೆ ಅರಿಶಿನ. ಹುಳ ಬಾರದಿರಲೆಂದು ಅರಿಶಿನದಲ್ಲಿ ಅದ್ದುವ ಹಳೆಯ ರೂಢಿ, ಈಗ ಬಹುಪಾಲು ರಾಸಾಯನಿಕ ಬಣ್ಣ. ಎರಡರಲ್ಲಿ ಯಾವುದೇ ಆಗಲಿ, ಒದ್ದೆಗೆ ಬಣ್ಣ ಬಿಡುತ್ತದೆ, ಬೋಳು ಮೈಗೆ ಹತ್ತಿದ ಹಳದಿ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯನ್ನು ಖಾಲಿಯಾಗಿಯೇ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ಬಟ್ಟಲನ್ನು ತೂಗಿ, 386 ಕಂಡ ದಿನ ಬಟ್ಟೆ ಸುತ್ತಿ.